ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಬಾಡಿಗೆ ನೆರವಿನ ಕಡಿತ ನಮಗೂ ಸೇರಿದ ವಿಷಯ

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡುವವರು ನಿಮ್ಮ ವೀಸಾ ನೋಡಲೇಬೇಕು, ಅದಕ್ಕೆ ಶೇರ್ ಕೋಡ್ (ವೀಸಾ ಸ್ಥಿತಿ ತೋರಿಸಲು ಸರ್ಕಾರದ ವೆಬ್‌ಸೈಟಿನಿಂದ ಸಿಗುವ ಸಂಖ್ಯೆ) ತೆಗೆದಿಟ್ಟುಕೊಳ್ಳಿ. ಇಲ್ಲಿ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಸಾಮಾನ್ಯ ಬಾಡಿಗೆ ಮನೆಗೆ ಡಿಪಾಸಿಟ್ ಐದು ವಾರದ ಬಾಡಿಗೆ ಮೀರುವಂತಿಲ್ಲ. ಅದನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ನೋಂದಾಯಿಸಬೇಕು, ದಾಖಲೆ ಕೇಳಿ ಪಡೆಯಿರಿ. ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರಿ ನೆರವು ಪಡೆಯುವಂತಿಲ್ಲ) ಅಂತ ಇದ್ದರೆ ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ಕೊಡುವ ನೆರವು), ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಡಿಮೆ ಇರುವವರಿಗೆ ಕೊಡುವ ನೆರವು), ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಕೊಡುವ ನೆರವು) ಯಾವುದಕ್ಕೂ ಅರ್ಜಿ ಹಾಕಬೇಡಿ. ಮುಂದೆ ಐಎಲ್‌ಆರ್ (ಇಲ್ಲೇ ಕಾಯಂ ಇರುವ ಅನುಮತಿ) ಕೇಳುವಾಗ ತೊಂದರೆಯಾಗಬಹುದು. ಅನುಮಾನ ಬಂದರೆ ಮೊದಲು ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯಲ್ಲಿ ಕೇಳಿ, ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ.

ಈಗ ನಾನು ಹೇಳಲೇಬೇಕಾದ ಮಾತು. ನಮ್ಮ ಯುಗಾದಿ ಊಟದಲ್ಲಿ, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಬೆನಿಫಿಟ್ ವಿಷಯ ಬಂದರೆ ಸಾಕು, ಯಾರಾದರೂ ಒಬ್ಬರು ಕೇಳುತ್ತಾರೆ: "ನಮಗೆ ಸಿಗದ ದುಡ್ಡಿನ ಬಗ್ಗೆ ನಮಗ್ಯಾಕೆ ಚಿಂತೆ? ಅದೂ ನಮ್ಮ ಟ್ಯಾಕ್ಸ್ ದುಡ್ಡು." ಇನ್ನೊಬ್ಬರು ಸೇರಿಸುತ್ತಾರೆ: "ಒಂದು ರೂಮು ಜಾಸ್ತಿ ಇಟ್ಟುಕೊಂಡರೆ ಕಟ್ಟಲಿ ಬಿಡಿ. ನಾವೆಲ್ಲ ಹಾಲ್‌ನಲ್ಲಿ ಚಾಪೆ ಹಾಸಿ ಸಾಲಾಗಿ ಮಲಗಿ ಬೆಳೆದವರಲ್ವಾ?" ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಸಬರು ಇದನ್ನೇ ಕಲಿಯಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ಆ ರೂಮಿನ ಕಥೆ ಏನು ಅಂತ ಮೊದಲು ಕೇಳಿ. 2013ರ ಏಪ್ರಿಲ್ 1ರಿಂದ ಕೌನ್ಸಿಲ್ (ಸ್ಥಳೀಯ ಆಡಳಿತ) ಮನೆ, ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಮನೆಯಲ್ಲಿರುವ, ಪಿಂಚಣಿ ವಯಸ್ಸಾಗದ ಜನರ ಹೌಸಿಂಗ್ ಬೆನಿಫಿಟ್ ಕತ್ತರಿಸಿದರು. ಒಂದು ಮಲಗುವ ಕೋಣೆ ಜಾಸ್ತಿ ಇದ್ದರೆ ಬಾಡಿಗೆಯ 14% ಕಡಿತ. ಎರಡೋ ಅದಕ್ಕಿಂತ ಹೆಚ್ಚೋ ಇದ್ದರೆ 25%. ಜನ ಇದಕ್ಕೆ ಬೆಡ್‌ರೂಮ್ ಟ್ಯಾಕ್ಸ್ ಅಂತ ಹೆಸರಿಟ್ಟರು. 10 ವರ್ಷದೊಳಗಿನ ಅಣ್ಣ ತಂಗಿಗೆ ಒಂದೇ ರೂಮು ಸಾಕು. ಹುಡುಗರಿಬ್ಬರೋ ಹುಡುಗಿಯರಿಬ್ಬರೋ ಆದರೆ 16 ಆಗುವ ತನಕ ಒಂದೇ ರೂಮು. ಬಾಣಂತನಕ್ಕೆ ಊರಿಂದ ಬಂದ ಅಮ್ಮ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಚಿಕ್ಕ ಮನೆಗೆ ಹೋಗಿ ಅಂದರು. ಆದರೆ ಎಷ್ಟೋ ಊರುಗಳಲ್ಲಿ ಹೋಗಲು ಚಿಕ್ಕ ಮನೆಗಳೇ ಇರಲಿಲ್ಲ. ನಾವು ಹಾಲ್‌ನಲ್ಲಿ ಮಲಗಿದೆವು, ನಿಜ. ಹಾಗೆ ಮಲಗಿದ್ದಕ್ಕೆ ನಮ್ಮ ಅಪ್ಪ ಅಮ್ಮನ ಕೈಯಲ್ಲಿ ದುಡ್ಡಿರಲಿಲ್ಲ ಅನ್ನುವುದು ಕಾರಣ. ಅದನ್ನು ಇನ್ನೊಬ್ಬರ ಮಕ್ಕಳಿಗೆ ನಿಯಮ ಮಾಡುವುದು ಯಾವ ನ್ಯಾಯ?

ಖಾಸಗಿ ಬಾಡಿಗೆ ಮನೆಯವರ ಕಥೆ ಬೇರೆ. ಅವರಿಗೆ ಸಿಗುವ ನೆರವಿನ ಮಿತಿಗೆ ಲೋಕಲ್ ಹೌಸಿಂಗ್ ಅಲೋವೆನ್ಸ್ ಅನ್ನುತ್ತಾರೆ. 2011ರವರೆಗೆ ಅದು ಆ ಪ್ರದೇಶದ ನಡುಮಟ್ಟದ ಬಾಡಿಗೆಗೆ ಹೊಂದಿಕೊಂಡಿತ್ತು. ಆಮೇಲೆ ಅತಿ ಅಗ್ಗದ 30% ಮನೆಗಳ ಮಟ್ಟಕ್ಕೆ ಇಳಿಸಿದರು. 2016ರಿಂದ ನಾಲ್ಕು ವರ್ಷ ಏರಿಸಲೇ ಇಲ್ಲ. 2020ರಲ್ಲಿ ಏರಿಸಿ ಮತ್ತೆ ತಡೆದರು. 2024ರಲ್ಲಿ ಏರಿಸಿ 2025ರಲ್ಲಿ ಮತ್ತೆ ತಡೆದರು. ಬಾಡಿಗೆ ಮಾತ್ರ ಯಾರಿಗೂ ಕಾಯುವುದಿಲ್ಲ. ವ್ಯತ್ಯಾಸದ ದುಡ್ಡು ಊಟದ ದುಡ್ಡಿನಿಂದ ಹೋಗುತ್ತದೆ.

ಟ್ಯಾಕ್ಸ್ ದುಡ್ಡು ಅನ್ನುವವರಿಗೆ ಇನ್ನೊಂದು ಮಾತು. ಈ ನೆರವು ಪಡೆಯುವವರಲ್ಲಿ ದುಡಿಯುವವರೂ ಬೇಕಾದಷ್ಟಿದ್ದಾರೆ: ಕೇರ್ ಹೋಮ್‌ನಲ್ಲಿ, ಸೂಪರ್‌ಮಾರ್ಕೆಟ್‌ನಲ್ಲಿ, ನಮ್ಮ ಮಕ್ಕಳ ಶಾಲೆಯ ಅಡುಗೆಮನೆಯಲ್ಲಿ. ದುಡ್ಡು ಕೊನೆಗೆ ಸೇರುವುದು ಮನೆ ಮಾಲೀಕರ ಖಾತೆಗೆ. 1980ರ ಕಾಯ್ದೆಯಿಂದ ಕೌನ್ಸಿಲ್ ಮನೆಗಳನ್ನು ಬಾಡಿಗೆದಾರರಿಗೆ ರಿಯಾಯಿತಿ ಬೆಲೆಗೆ ಮಾರುತ್ತಾ ಬಂದರು, ಮಾರಿದಷ್ಟು ಕಟ್ಟಲಿಲ್ಲ. ಕಡಿಮೆ ಬಾಡಿಗೆಯ ಮನೆ ಕಡಿಮೆಯಾದಷ್ಟೂ ನೆರವಿನ ಖರ್ಚು ಏರಿತು. ಆ ತಪ್ಪಿಗೆ ಬಾಡಿಗೆದಾರರನ್ನು ದಂಡಿಸುತ್ತಿದ್ದಾರೆ. ಇದೇ ಮನೆಗಳ ಅಭಾವದಿಂದಲೇ ನಿಮ್ಮ ಬಾಡಿಗೆಯೂ ಇಷ್ಟು ದುಬಾರಿ.

ಇಲ್ಲಿಯ ಜನ ಸುಮ್ನೆ ಕೂತಿಲ್ಲ. 1915ರಲ್ಲಿ ಗ್ಲಾಸ್ಗೋದಲ್ಲಿ, ಗಂಡಸರು ಯುದ್ಧಕ್ಕೆ ಹೋಗಿದ್ದಾಗ, ಮಾಲೀಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಎಂಬ ಗೃಹಿಣಿ ಅಲ್ಲಿಯ ಗೋವನ್ ಬಡಾವಣೆಯ ಹೆಂಗಸರನ್ನು ಒಟ್ಟುಗೂಡಿಸಿಕೊಂಡು ಬಾಡಿಗೆ ಕಟ್ಟುವುದನ್ನೇ ನಿಲ್ಲಿಸಿದರು. ಮನೆ ಖಾಲಿ ಮಾಡಿಸುವ ಅಧಿಕಾರಿ ಬಂದರೆ ಗಂಟೆ ಬಾರಿಸಿ ಬೀದಿಯವರನ್ನೆಲ್ಲ ಕೂಡಿಸುತ್ತಿದ್ದರು, ಹಿಟ್ಟು ಎರಚಿ ಓಡಿಸುತ್ತಿದ್ದರು. ಅದೇ ವರ್ಷ ಸರ್ಕಾರ ಬಾಡಿಗೆ ಏರಿಕೆ ತಡೆಯುವ ಕಾಯ್ದೆ ತಂದಿತು. ನಮ್ಮವರು ಬಹಳ ಇರುವ ಪೂರ್ವ ಲಂಡನ್ನಿನ ನ್ಯೂಹ್ಯಾಮ್‌ನಲ್ಲಿ 2013ರಲ್ಲಿ ಫೋಕಸ್ ಇ15 ಹಾಸ್ಟೆಲ್‌ನ ಎಳೆ ವಯಸ್ಸಿನ ತಾಯಂದಿರಿಗೆ ಖಾಲಿ ಮಾಡಲು ನೋಟಿಸ್ ಬಂತು. ದೂರದ ಮ್ಯಾಂಚೆಸ್ಟರ್‌ಗೋ ಹೇಸ್ಟಿಂಗ್ಸ್‌ಗೋ ಹೋಗಿ ಅಂದರು. ಅವರು ಕಂಕುಳಲ್ಲಿ ಮಕ್ಕಳನ್ನು ಇಟ್ಟುಕೊಂಡೇ ಹೋರಾಡಿದರು. 2014ರಲ್ಲಿ ಅಲ್ಲೇ ಸ್ಟ್ರಾಟ್‌ಫೋರ್ಡಿನ ಕಾರ್ಪೆಂಟರ್ಸ್ ಎಸ್ಟೇಟ್ ಎಂಬ ಕೌನ್ಸಿಲ್ ವಸತಿಯ ಖಾಲಿ ಫ್ಲ್ಯಾಟುಗಳಲ್ಲಿ ಹೋಗಿ ಕೂತರು. ಬೆಡ್‌ರೂಮ್ ಟ್ಯಾಕ್ಸ್ ವಿರುದ್ಧ ಜನ ಬೀದಿಗೂ ಇಳಿದರು, ಕೋರ್ಟಿಗೂ ಹೋದರು. ಅಂಗವಿಕಲ ಮೊಮ್ಮಗನನ್ನು ಸಾಕುವ ಒಂದು ಕುಟುಂಬ 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಸ್ಕಾಟ್ಲೆಂಡ್ ಸರ್ಕಾರ ಆ ಕಡಿತವನ್ನು ತನ್ನ ಹಣದಿಂದ ತುಂಬಿಕೊಡುತ್ತದೆ. ಜನ ಕೂಗದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ನನ್ನ ಮಗಳಿಗೆ ಇದು ಪುಸ್ತಕದ ವಿಷಯವಲ್ಲ. ಪ್ರೈಮರಿ ಶಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಗೆಳತಿ ವರ್ಷದ ನಡುವೆ ಊರು ಬಿಟ್ಟಳು. ಬಾಡಿಗೆ ಏರಿತು, ನೆರವು ಸಾಲಲಿಲ್ಲ, ದೂರದ ಊರಲ್ಲಿ ಮನೆ ತೋರಿಸಿದರು. "ಅವರು ಯಾಕೆ ಹೋಗಬೇಕಿತ್ತು?" ಅಂತ ಮಗಳು ಕೇಳುತ್ತಲೇ ಇದ್ದಳು. ನಾನು ಹುಟ್ಟಿ ಬೆಳೆದದ್ದು ಬಸವನಗುಡಿಯ ವಠಾರದಲ್ಲಿ. ಅಲ್ಲಿ ಒಬ್ಬರ ಮನೆಗೆ ಬಾಡಿಗೆ ಜಾಸ್ತಿಯಾದರೆ ಎಲ್ಲರೂ ಸೇರಿ ಮಾಲೀಕರ ಹತ್ತಿರ ಮಾತಾಡುತ್ತಿದ್ದರು. ಆ ವಠಾರ ಈಗ ಇಲ್ಲ, ಅಪಾರ್ಟ್‌ಮೆಂಟ್ ಎದ್ದಿದೆ. ನಮ್ಮ ಮಕ್ಕಳಿಗೆ ಕನ್ನಡ ಕಲಿಸಲು ಎಷ್ಟು ಕಷ್ಟಪಡುತ್ತೇವೆ. ಪಕ್ಕದ ಮನೆಯವರ ಕಷ್ಟಕ್ಕೆ ಎದ್ದು ಹೋಗುವ ಗುಣವನ್ನೂ ಕಲಿಸಬೇಡವೇ? ಅದಕ್ಕೆ ಭಾನುವಾರದ ಕ್ಲಾಸು ಸಾಲದು. ನಾವು ಹೋಗುವುದನ್ನು ಅವರು ನೋಡಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾ ಮೇಲೆ ಇಲ್ಲಿ ವಾಸವಿರುವ ಭಾರತೀಯರು ಕೌನ್ಸಿಲ್ ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ವೋಟು ಹಾಕಬಹುದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಕೌನ್ಸಿಲರ್‌ಗಳು, ಎಂಪಿಗಳು ಜನರನ್ನು ಭೇಟಿ ಮಾಡುವುದಕ್ಕೆ ಸರ್ಜರಿ ಅನ್ನುತ್ತಾರೆ. ಅಲ್ಲಿಗೆ ಒಬ್ಬರೇ ಹೋಗಬೇಡಿ, ಕಷ್ಟದಲ್ಲಿರುವ ಪಕ್ಕದ ಮನೆಯವರ ಜೊತೆ ಹೋಗಿ. ಮಾತು ಅವರೇ ಆಡಲಿ. ಆದಾಯ ಕಡಿಮೆ ಇರುವವರಿಗೆ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ (ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆ) ಕೊಡುವ ರಿಯಾಯಿತಿ ಬದಲಿಸುವ ಮುಂಚೆ ಇಂಗ್ಲೆಂಡಿನ ಕೌನ್ಸಿಲ್‌ಗಳು ಜನರ ಅಭಿಪ್ರಾಯ ಕೇಳಲೇಬೇಕು. ಆ ಫಾರಂ ತುಂಬಿ, ತುಂಬಲು ಬಾರದವರಿಗೆ ತುಂಬಿಕೊಡಿ. ನಮ್ಮ ಸಂಘದ ಹಾಲ್ ಬುಕ್ ಮಾಡುವಾಗ ಒಂದು ಸಂಜೆ ಬಾಡಿಗೆದಾರರ ಸಭೆಗೂ ಕೊಡೋಣ ಅಂತ ಕಮಿಟಿಯಲ್ಲಿ ಕೇಳಿ. ನಾನೂ ಕೈ ಎತ್ತುತ್ತೇನೆ.