ಕಪ್ ಗೆದ್ದ ದಿನ ಬೀದಿಗಿಳಿದವರು ಕ್ಷೇಮವಾಗಿ ಮನೆ ಸೇರುವುದು ಹೇಗೆ?

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಅಹಮದಾಬಾದಿನಲ್ಲಿ ಕಪ್ ಗೆದ್ದಿತು. ಮೊದಲ ಐಪಿಎಲ್‌ನಿಂದ ಕಾದು ಕಾದು ಬಂದ ಗೆಲುವು. ಮರುದಿನ ಸಂಜೆಯ ಹೊತ್ತಿಗೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿಗೆ ಸಿಕ್ಕಿ 11 ಜನ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಹರೆಯದವರು. ಸುಮಾರು 35 ಸಾವಿರ ಜನ ಹಿಡಿಸುವ ಜಾಗಕ್ಕೆ ಎರಡು ಮೂರು ಲಕ್ಷ ಜನ ಬಂದಿದ್ದರು ಎಂದು ಸರ್ಕಾರವೇ ಹೇಳಿತು.

ಸುದ್ದಿಯಲ್ಲೆಲ್ಲ ‘ಕಾಲ್ತುಳಿತ’ ಎಂದೇ ಬಂತು. ಈ ಪದ ನಮ್ಮ ದಾರಿ ತಪ್ಪಿಸುತ್ತದೆ. ಬೀಳದೆ ಗಟ್ಟಿಯಾಗಿ ನಿಂತರೆ ಸಾಕು ಅಂತ ಅನಿಸುತ್ತದೆ, ಅಲ್ವಾ? ಆದರೆ ಇಂಥ ಕಡೆ ಜನ ಸಾಯುವುದು ಹೆಚ್ಚಾಗಿ ಉಸಿರುಗಟ್ಟಿ. ಸುತ್ತಲಿನ ಒತ್ತಡಕ್ಕೆ ಎದೆ ಹಿಗ್ಗುವುದಿಲ್ಲ, ಗಾಳಿ ಒಳಗೆ ಹೋಗುವುದಿಲ್ಲ. ನಿಂತಲ್ಲೇ ಹಾಗಾಗಬಹುದು. ಮುಂದಿನದನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಓದಿ.

1. ಹೊರಡುವ ಮುಂಚೆ

ಲೇಸು ಬಿಗಿದ ಶೂ ಹಾಕಿ, ಚಪ್ಪಲಿ ಬೇಡವೇ ಬೇಡ. ಉದ್ದ ಕೂದಲು ಕಟ್ಟಿಕೊಳ್ಳಿ. ದುಪಟ್ಟಾ, ಕೊರಳಿನ ಐಡಿ ಕಾರ್ಡ್ ಮನೆಯಲ್ಲಿರಲಿ. ಫೋನ್ ಜಿಪ್ ಇರುವ ಜೇಬಿನಲ್ಲಿರಲಿ. ಜನ ಜಾಸ್ತಿಯಾದರೆ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ತಪ್ಪಿಹೋದರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಆ ಜಾಗ ಗೇಟಿನಿಂದ ದೂರ ಇರಲಿ, ಎರಡು ರಸ್ತೆ ಆಚೆ.

ಮಗು ಕಳೆದುಹೋಗದಿರಲಿ ಅಂತ ಕೈಗೆ ಕಟ್ಟುವ ಸ್ಪ್ರಿಂಗ್ ಹಗ್ಗ ಸಿಗುತ್ತದೆ. ಗುಂಪಿನಲ್ಲಿ ಅದು ಬೇರೆಯವರ ಕಾಲಿಗೆ ಸಿಕ್ಕಿ ಮಗುವನ್ನೇ ಎಳೆದು ಬೀಳಿಸಬಹುದು. ಕೊಳ್ಳಬೇಡಿ. ಮಗುವಿನ ತೋಳ ಮೇಲೆ ಪೆನ್ನಿನಲ್ಲಿ ನಿಮ್ಮ ನಂಬರ್ ಬರೆದರೆ ಸಾಕು. ಚಿಕ್ಕ ಮಕ್ಕಳನ್ನು ಮೆರವಣಿಗೆಗೆ ಕರೆದುಕೊಂಡು ಹೋಗಲೇಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟಿವಿಯಲ್ಲಿ ಆಟಗಾರರ ಮುಖವಾದರೂ ಚೆನ್ನಾಗಿ ಕಾಣುತ್ತದೆ.

2. ತಲುಪಿದ ಮೇಲೆ

ಮೊದಲು ಹೊರಗೆ ಹೋಗುವ ಎರಡು ದಾರಿ ನೋಡಿಕೊಳ್ಳಿ. ಗೋಡೆ, ಬ್ಯಾರಿಕೇಡ್, ಕಿರಿದಾದ ಗೇಟು, ಮೆಟ್ಟಿಲು, ಇವುಗಳ ಪಕ್ಕ ನಿಲ್ಲಬೇಡಿ. ಒತ್ತಡ ಬಂದಾಗ ಅಲ್ಲಿ ಸರಿಯಲು ಜಾಗವೇ ಇರುವುದಿಲ್ಲ. ಚರಂಡಿ ಮುಚ್ಚಿದ ಚಪ್ಪಡಿಯ ಮೇಲೂ ನಿಲ್ಲಬೇಡಿ. ಕೈಯಲ್ಲಿ ಪಾಸ್ ಇಲ್ಲದಿದ್ದರೆ ಗೇಟಿನ ಹತ್ತಿರ ಹೋಗುವುದೇ ಬೇಡ. ‘ಫ್ರೀ ಬಿಡ್ತಾರಂತೆ’ ಎಂಬ ಮಾತು ಕೇಳಿದರೆ ತಿರುಗಿ ನಡೆಯಿರಿ. ಆ ಮಾತು ಕೇಳಿದವರೆಲ್ಲ ಅದೇ ಗೇಟಿಗೆ ನುಗ್ಗುತ್ತಾರೆ.

3. ವಾಪಸ್ ಹೊರಡುವ ಹೊತ್ತು

ಎಲ್ಲರೂ ಎಡವುವುದು ಇಲ್ಲೇ. ಜಾತ್ರೆಗಳಲ್ಲಿ, ತೇರಿನಲ್ಲಿ, ಪಂದ್ಯದ ದಿನಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಇನ್ನೂ ಸ್ವಲ್ಪ ಹೊತ್ತು ನೋಡೋಣ, ಆಮೇಲೆ ಹೋಗೋಣ ಅನ್ನುತ್ತಾರೆ. ‘ಆಮೇಲೆ’ ಅನ್ನುವಷ್ಟರಲ್ಲಿ ತಿರುಗಲು ಜಾಗ ಇರುವುದಿಲ್ಲ.

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಐದಾರು ಜನ ನಿಂತರೆ ಅಪಾಯ ಶುರುವಾಯಿತು ಎಂದೇ ಅರ್ಥ. ಆದರೆ ಗುಂಪಿನೊಳಗೆ ನಿಂತು ಯಾರು ಎಣಿಸುತ್ತಾರೆ? ಅದಕ್ಕೆ ಹೀಗೆ ಮಾಡಿ. ಯಾರಿಗೂ ತಾಗದೆ ನಿಮ್ಮ ಮುಖ ಮುಟ್ಟಿಕೊಳ್ಳಿ. ಆಯಿತಾ? ಸರಿ. ಅಕ್ಕಪಕ್ಕದವರ ಭುಜ ತಾಗುತ್ತಿದೆಯೇ? ಆಗಲೇ ಹೊರಡಿ. ನಾಲ್ಕೂ ಕಡೆಯಿಂದ ಮೈ ಒತ್ತುತ್ತಿದೆ, ಕೈ ಮೇಲೆ ಬರುತ್ತಿಲ್ಲ ಎಂದರೆ ತಡವಾಗಿದೆ. ಆಗ ಗುಂಪು ನೀರಿನಂತೆ ಹೊರಳುತ್ತದೆ. ನೀವು ನಡೆಯುವುದಿಲ್ಲ, ಅದೇ ನಿಮ್ಮನ್ನು ಒಯ್ಯುತ್ತದೆ.

ಹಿಂದಿರುವವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಮುಂದೆ ಗೇಟು ಮುಚ್ಚಿದ್ದು ಅವರಿಗೆ ಗೊತ್ತೇ ಇರುವುದಿಲ್ಲ. ‘ಈ ಸಲ ಕಪ್ ನಮ್ದೇ’ ಅನ್ನುವ ಕೂಗಿನ ನಡುವೆ ನಿಮ್ಮ ದನಿ ನಾಲ್ಕು ಸಾಲು ಹಿಂದಕ್ಕೂ ಕೇಳಿಸುವುದಿಲ್ಲ.

4. ಸಿಕ್ಕಿಹಾಕಿಕೊಂಡರೆ

ಕೈ ಎದೆಯ ಮುಂದೆ ಬರಲಿ. ಒಂದು ಕೈಯನ್ನು ಎದೆಗೆ ಅಡ್ಡ ಹಿಡಿದು, ಅದರ ಮುಂದೋಳನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಎದೆಗೂ ಕೈಗೂ ನಡುವೆ ಒಂದು ಗೇಣು ಜಾಗ ಉಳಿಸಿಕೊಳ್ಳಿ. ನಿಮ್ಮ ಉಸಿರು ಇರುವುದು ಆ ಗೇಣಿನಲ್ಲಿ. ಜನ ಮಾಡುವ ದೊಡ್ಡ ತಪ್ಪು ಎಂದರೆ ಎರಡೂ ಕೈ ಮೇಲೆತ್ತಿ ವಿಡಿಯೊ ತೆಗೆಯುವುದು. ಸುತ್ತ ಒತ್ತಡ ಬಿದ್ದ ಮೇಲೆ ಆ ಕೈ ಕೆಳಗೆ ಬರುವುದಿಲ್ಲ, ಎದೆಗೆ ಅಡ್ಡ ಏನೂ ಇರುವುದಿಲ್ಲ.

ಒಂದು ಕಾಲು ಸ್ವಲ್ಪ ಮುಂದೆ, ಇನ್ನೊಂದು ಹಿಂದೆ ಇಟ್ಟು ನಿಲ್ಲಿ. ತಳ್ಳಿದಾಗ ಎದುರು ತಳ್ಳಬೇಡಿ. ಅಲೆ ಬಂದಾಗ ಅದರ ಜೊತೆ ಹೋಗಿ, ಅದು ನಿಂತ ಕ್ಷಣದಲ್ಲಿ ಓರೆಯಾಗಿ ಒಂದೆರಡು ಹೆಜ್ಜೆ ಅಂಚಿನ ಕಡೆ ಇಡಿ. ಮತ್ತೆ ಅಲೆ, ಮತ್ತೆ ಎರಡು ಹೆಜ್ಜೆ. ಸುಮ್ನೆ ಕಿರುಚಬೇಡಿ, ಉಸಿರು ಖಾಲಿಯಾಗುತ್ತದೆ. ಫೋನ್ ಬಿದ್ದರೆ ಬಿಡಿ, ಬಗ್ಗಬೇಡಿ. ಮಗು ಜೊತೆಗಿದ್ದರೆ ಮೇಲಕ್ಕೆ ಎತ್ತಿಕೊಳ್ಳಿ.

ಬಿದ್ದು ಏಳಲಾಗದಿದ್ದರೆ ಬೆನ್ನ ಮೇಲೂ ಹೊಟ್ಟೆಯ ಮೇಲೂ ಮಲಗಬೇಡಿ. ಪಕ್ಕಕ್ಕೆ ತಿರುಗಿ, ಮೊಣಕಾಲು ಎದೆಗೆ ಮಡಚಿ, ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಿ. ಸಂದು ಸಿಕ್ಕ ತಕ್ಷಣ ಎದ್ದುಬಿಡಿ.

5. ಬೈಕು, ಪಟಾಕಿ

ಹೆಲ್ಮೆಟ್ ಇಲ್ಲದೆ ರ‍್ಯಾಲಿ ಬೇಡ. ಗುಂಪಿನೊಳಗೆ ಪಟಾಕಿ ಬೇಡ. ಮೈ ಸುಟ್ಟರೆ ಆ ಜಾಗದ ಮೇಲೆ 20 ನಿಮಿಷ ನಲ್ಲಿ ನೀರು ಬಿಡಿ. ಟೂತ್‌ಪೇಸ್ಟ್ ಹಚ್ಚಬೇಡಿ, ಐಸ್ ಇಡಬೇಡಿ.

6. ಯಾರಾದರೂ ಕುಸಿದರೆ

ಮೊದಲು ಸುತ್ತ ಜಾಗ ಮಾಡಿಸಿ, 108 ಅಥವಾ 112ಕ್ಕೆ ಕರೆ ಮಾಡಿ. ನಮ್ಮಲ್ಲಿ ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕುವ ಅಭ್ಯಾಸವಿದೆ. ದಯವಿಟ್ಟು ಬೇಡ. ಅದು ಶ್ವಾಸಕೋಶಕ್ಕೆ ಹೋಗಬಹುದು. ಕರೆದರೆ ಮಾತಿಲ್ಲ, ಉಸಿರೂ ಇಲ್ಲ ಎಂದರೆ ಸಿಪಿಆರ್ ಶುರು ಮಾಡಿ. ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, 5 ಸೆಂ.ಮೀ. ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಸುಸ್ತಾದರೆ ಪಕ್ಕದವರಿಗೆ ಕೊಡಿ, ಆದರೆ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ನೂಕುನುಗ್ಗಲಿನಿಂದ ನಡೆದೇ ಹೊರಬಂದವರನ್ನೂ ಗಮನಿಸಿ. ಉಸಿರೆಳೆದಾಗ ಪಕ್ಕೆ ಚುಚ್ಚುತ್ತಿದ್ದರೆ, ಹೊಟ್ಟೆ ನೋಯುತ್ತಿದ್ದರೆ, ಕೆಲವು ನಿಮಿಷ ಏನಾಯಿತೆಂದು ನೆನಪಿಲ್ಲದಿದ್ದರೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಗಾಗಲಿ ನೋಡೋಣ ಅಂತ ಮಲಗಿಸಬೇಡಿ.