‘ಸಾಲಿಗಿ ಹೋದ’ ಎಂದ ಮಗುವಿಗೆ ಎಷ್ಟು ಅಂಕ? ವಾಕ್–ಭಾಷಾ ದೋಷಶಾಸ್ತ್ರದ ಓದು, ಸಂಶೋಧನೆ

ಮೂರು ತುಂಬಿದರೂ ಮಾತು ಬಾರದ ಮಗುವನ್ನು ಎತ್ತಿಕೊಂಡು ತಿರುಗುವ ತಾಯಿಗೆ ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಇಂದಿಗೂ ಮೊದಲು ಸಿಗುವ ಸಮಾಧಾನ ‘ತಡಾ ಆಗ್ತದ, ತಾನಾ ಬರ್ತದ’ ಎಂಬುದು. ಕೆಲವೊಮ್ಮೆ ಅದು ನಿಜವೂ ಆಗುತ್ತದೆ. ಯಾವಾಗ ನಿಜ, ಯಾವಾಗ ಅಲ್ಲ ಎಂದು ಪರೀಕ್ಷಿಸಿ ಹೇಳುವ ವಿದ್ಯೆಯೇ ವಾಕ್–ಭಾಷಾ ದೋಷಶಾಸ್ತ್ರ. ಜನರ ಬಾಯಲ್ಲಿ ಅದು ಸ್ಪೀಚ್ ಥೆರಪಿ. ಉಗ್ಗು, ಉಚ್ಚಾರಣಾ ದೋಷ, ಧ್ವನಿ ಕೆಡುವುದು, ಲಕ್ವಾ ಹೊಡೆದ ಮೇಲೆ ಮಾತು ನಿಲ್ಲುವುದು, ನುಂಗಲು ಬಾರದಿರುವುದು ಇವೆಲ್ಲ ಇದರ ವ್ಯಾಪ್ತಿಗೆ ಸೇರುತ್ತವೆ. ಈ ವಿದ್ಯೆಯನ್ನು ಓದಿ, ನಮ್ಮ ಭಾಗದ ಮಕ್ಕಳ ಮಾತಿನ ಮೇಲೆಯೇ ಪ್ರಬಂಧ ಬರೆಯಬೇಕೆನ್ನುವವರಿಗಾಗಿ ಈ ಲೇಖನ.

ಓದಿನ ದಾರಿ ನೇರವಾಗಿದೆ. ಪಿಯುಸಿ ವಿಜ್ಞಾನದ ನಂತರ ಸೇರುವ ಪದವಿಗೆ ಬಿಎಎಸ್‌ಎಲ್‌ಪಿ ಎಂದು ಹೆಸರು. ಶ್ರವಣಶಾಸ್ತ್ರವನ್ನೂ ವಾಕ್–ಭಾಷಾ ದೋಷಶಾಸ್ತ್ರವನ್ನೂ ಜೊತೆಯಾಗಿ ಕಲಿಸುವ ಈ ಕೋರ್ಸ್‌ಗೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ 4 ವರ್ಷ ಬೇಕು. ಎರಡು ವರ್ಷದ ಎಂ.ಎಸ್ಸಿ.ಯಲ್ಲಿ ಎರಡೂ ವಿಷಯಗಳು ಬೇರೆಯಾಗುತ್ತವೆ; ಪ್ರಬಂಧದ ಕೆಲಸ ಬರುವುದು ಅಲ್ಲಿಯೇ. ರಾಜ್ಯದಲ್ಲಿ ಈ ವಿಷಯಕ್ಕೆ ಹಳೆಯ ಮನೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಪದವಿ ಪಡೆದ ಮಾತ್ರಕ್ಕೆ ವೃತ್ತಿ ನಡೆಸುವಂತಿಲ್ಲ. 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು.

ಪ್ರಬಂಧದ ಮೊದಲ ಹೆಜ್ಜೆ, ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳುವುದು. ‘ಕಲ್ಯಾಣ ಕರ್ನಾಟಕದ ಮಕ್ಕಳ ಭಾಷಾ ಬೆಳವಣಿಗೆ’ ಎಂಬುದು ಒಬ್ಬ ವಿದ್ಯಾರ್ಥಿಯ ಒಂದು ವರ್ಷದಲ್ಲಿ ಮುಗಿಯುವಂಥದ್ದಲ್ಲ. ‘ಆಳಂದ ತಾಲ್ಲೂಕಿನ, ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ 4ರಿಂದ 5 ವರ್ಷದ ಮಕ್ಕಳಲ್ಲಿ ರಕಾರದ ಉಚ್ಚಾರಣೆ’ ಎಂಬುದು ಮುಗಿಯುತ್ತದೆ. ವಿಷಯ ಸಣ್ಣದಾಯಿತೆಂದು ಬೇಸರಿಸಬೇಕಿಲ್ಲ. ಮಾರ್ಗದರ್ಶಕರು ಅದನ್ನು ಇನ್ನೂ ಸಣ್ಣದು ಮಾಡುವ ಸಂಭವವೇ ಹೆಚ್ಚು.

ಎರಡನೆಯದು ಅನುಮತಿ. ವಿಭಾಗದ ನೈತಿಕ ಸಮಿತಿಯ ಒಪ್ಪಿಗೆ, ಶಾಲೆ ಅಥವಾ ಅಂಗನವಾಡಿಯ ಒಪ್ಪಿಗೆ, ಪಾಲಕರ ಲಿಖಿತ ಸಮ್ಮತಿ ಮೂರೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕಾಗುತ್ತದೆ. ಸಮ್ಮತಿ ಪತ್ರವನ್ನು ಗ್ರಂಥಸ್ಥ ಕನ್ನಡದಲ್ಲಿ ಅಚ್ಚು ಹಾಕಿಸಿದರೂ, ತಾಯಿಗೆ ಅದನ್ನು ಅವರ ಮಾತಿನಲ್ಲೇ ಓದಿ ಹೇಳುವುದು ಒಳ್ಳೆಯದು.

ಮೂರನೆಯ ಹೆಜ್ಜೆಯನ್ನು ಹಾರಿ ಹೋಗುವವರೇ ಹೆಚ್ಚು: ಮಾತು ನೋಡುವ ಮೊದಲು ಕಿವಿ ನೋಡಬೇಕು. ಅರೆಬರೆ ಕೇಳುವ ಮಗು ಸಕಾರ, ಶಕಾರಗಳನ್ನು ಬಿಟ್ಟು ಮಾತನಾಡಿದರೆ ದೋಷ ನಾಲಿಗೆಯದ್ದಲ್ಲ. ಶ್ರವಣ ಪರೀಕ್ಷೆಯಾಗದ ಮಗುವನ್ನು ಮಾದರಿಗೆ ಸೇರಿಸಕೂಡದು.

ಅನಂತರ ಮನೆಮಾತಿನ ವಿವರ. ಬಸವಕಲ್ಯಾಣದ ಕಡೆ ಮರಾಠಿ, ಸೇಡಂ–ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳಲ್ಲಿ ದಖ್ಖನಿ ಉರ್ದು ಕನ್ನಡದ ಪಕ್ಕದಲ್ಲಿಯೇ ಇವೆ. ‘ಮಾತೃಭಾಷೆ: ಕನ್ನಡ’ ಎಂಬ ಒಂದು ಸಾಲು ಇಲ್ಲಿ ಏನನ್ನೂ ಹೇಳುವುದಿಲ್ಲ. ಅವ್ವನೊಂದಿಗೆ ಯಾವ ಮಾತು, ಅಜ್ಜಿಯೊಂದಿಗೆ ಯಾವುದು, ಓಣಿಯಲ್ಲಿ ಆಡುವಾಗ ಯಾವುದು ಎಂದು ಬಿಡಿಸಿ ಕೇಳಿ ಬರೆದುಕೊಳ್ಳಬೇಕು.

ಧ್ವನಿಮುದ್ರಣಕ್ಕೆ ದುಬಾರಿ ಸಲಕರಣೆ ಬೇಕಿಲ್ಲ, ಸದ್ದಿಲ್ಲದ ಕೋಣೆ ಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಮೇ ತಿಂಗಳ ಬಿಸಿಲಿಗೆ ಹೆದರಿ, ಫ್ಯಾನ್ ಕೆಳಗೆ ಕುಳಿತು ಹನ್ನೊಂದು ಮಕ್ಕಳ ಮಾತನ್ನು ಮುದ್ರಿಸಿದ್ದೆ. ಹಾಸ್ಟೆಲ್‌ಗೆ ಬಂದು ಕೇಳಿದರೆ ಸಕಾರ ಯಾವುದು, ಗಾಳಿಯ ಸುಯ್‌ಗುಡುವಿಕೆ ಯಾವುದು ತಿಳಿಯಲಿಲ್ಲ. ಹನ್ನೊಂದನ್ನೂ ಮತ್ತೆ ಮಾಡಬೇಕಾಯಿತು. ಮೈಕು ಮಗುವಿನ ಬಾಯಿಂದ ಒಂದು ಗೇಣು ದೂರದಲ್ಲಿರಲಿ, ಕಡತ ಧ್ವನಿಯನ್ನು ಕುಗ್ಗಿಸದ ಡಬ್ಲ್ಯುಎವಿ (WAV) ರೂಪದಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಧ್ವನಿ ಕುಗ್ಗಿರುತ್ತದೆ, ಸೂಕ್ಷ್ಮ ವಿಶ್ಲೇಷಣೆಗೆ ಬರುವುದಿಲ್ಲ. ಧ್ವನಿಯ ಅಲೆಗಳನ್ನು ಪರದೆಯ ಮೇಲೆ ನೋಡಲು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಾಟ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ನಿಜವಾದ ಪರೀಕ್ಷೆ ಇರುವುದು ಎಣಿಕೆಯಲ್ಲಿ. ಮಗುವಿನ ಉಚ್ಚಾರಣಾ ದೋಷ ಎಷ್ಟು ತೀವ್ರ ಎಂದು ಅಳೆಯಲು ಅಮೆರಿಕದ ಶ್ರಿಬರ್ಗ್ ಮತ್ತು ಕ್ವಿಯಾಟ್ಕೋವ್ಸ್ಕಿ 1982ರಲ್ಲಿ ಮುಂದಿಟ್ಟ ಅಳತೆಯೊಂದಿದೆ: ಸರಿಯಾಗಿ ನುಡಿದ ವ್ಯಂಜನಗಳನ್ನು ಒಟ್ಟು ವ್ಯಂಜನಗಳಿಂದ ಭಾಗಿಸಿ ನೂರರಿಂದ ಗುಣಿಸುವುದು. ಶೇ 85ಕ್ಕಿಂತ ಹೆಚ್ಚು ಬಂದರೆ ದೋಷ ಸೌಮ್ಯ, 65ರಿಂದ 85ರವರೆಗೆ ಸೌಮ್ಯದಿಂದ ಮಧ್ಯಮ, 50ರಿಂದ 65ರವರೆಗೆ ಮಧ್ಯಮದಿಂದ ತೀವ್ರ, ಅದಕ್ಕೂ ಕೆಳಗೆ ತೀವ್ರ.

ಈಗ ಒಂದು ಮಗು ‘ಲಾಜು ಸಾಲಿಗಿ ಹೋದ’ ಎಂದಿತೆನ್ನಿ. ಉದ್ದೇಶಿಸಿದ್ದು ‘ರಾಜು ಸಾಲಿಗಿ ಹೋದ’. ರ, ಜ, ಸ, ಲ, ಗ, ಹ, ದ ಎಂದು ಏಳು ವ್ಯಂಜನಗಳು, ತಪ್ಪಿದ್ದು ರಕಾರವೊಂದೇ. ಏಳರಲ್ಲಿ ಆರು, ಅಂದರೆ ಶೇ 86. ಇದೇ ವಾಕ್ಯವನ್ನು ಪಠ್ಯಪುಸ್ತಕದ ‘ರಾಜು ಶಾಲೆಗೆ ಹೋದ’ ಎಂಬುದರ ಪಕ್ಕದಲ್ಲಿಟ್ಟು ಎಣಿಸುವವರು ಶಕಾರ ಸಕಾರವಾಯಿತೆಂದು ಇನ್ನೊಂದು ತಪ್ಪು ಹಿಡಿಯುತ್ತಾರೆ. ಏಳರಲ್ಲಿ ಐದು, ಶೇ 71. ಮಗು ಅದೇ, ಮಾತೂ ಅದೇ. ಆದರೆ ಅದು ಸೌಮ್ಯ ವರ್ಗದಿಂದ ಕೆಳಗಿನ ವರ್ಗಕ್ಕೆ ಜಾರಿತು. ಕಲಬುರಗಿಯಲ್ಲಿ ಸಾಲಿ ಎಂದರೆ ಶಾಲೆಯೇ, ಅವರಪ್ಪನೂ ಹಾಗೆಯೇ ಅನ್ನುತ್ತಾನೆ. ಮಗುವಿನ ಉಪಭಾಷೆಯ ರೂಪವನ್ನೇ ಸರಿಯೆಂದು ಇಟ್ಟುಕೊಳ್ಳಬೇಕು ಎಂಬುದು ಆ ಅಳತೆಯ ಮೂಲ ನಿಯಮಗಳಲ್ಲಿಯೇ ಇದೆ. ಓದದೆ ಸೂತ್ರವನ್ನಷ್ಟೇ ಎತ್ತಿಕೊಂಡವರು ಎಡವುತ್ತಾರೆ. ಒಂದೇ ವಾಕ್ಯದಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ, ಇದು ಲೆಕ್ಕ ತೋರಿಸಲು ಮಾತ್ರ. ಕೆಲವು ನಿಮಿಷಗಳ ಸಹಜ ಸಂಭಾಷಣೆ ಬೇಕು. ಚಿತ್ರ ತೋರಿಸಿ ‘ಇದೇನು?’ ಎಂದು ಕೇಳುವುದಕ್ಕಿಂತ ‘ನಿನ್ನಿ ಜಾತ್ರ್ಯಾಗ ಏನೇನ್ ತೊಗೊಂಡಿ?’ ಎಂದು ಕೇಳಿದರೆ ಮಗು ಚೆನ್ನಾಗಿ ಬಾಯಿ ಬಿಡುತ್ತದೆ.

ಧ್ವನಿಮುದ್ರಣ ಕೇಳಿ ನೀವು ಬರೆದುಕೊಂಡ ಮಗುವಿನ ಮಾತಿನಲ್ಲಿ ಒಂದು ಪಾಲನ್ನು ಇನ್ನೊಬ್ಬರಿಂದ, ನಿಮ್ಮ ಬರಹವನ್ನು ತೋರಿಸದೆ, ಮತ್ತೆ ಬರೆಸಬೇಕು. ಸಾಧ್ಯವಾದರೆ ಆ ಇನ್ನೊಬ್ಬರು ಈ ಭಾಗದವರೇ ಆಗಿರಲಿ. ಇಬ್ಬರ ಬರಹ ಎಲ್ಲೆಲ್ಲಿ ಹೊಂದಲಿಲ್ಲ ಎಂಬುದನ್ನು ಪ್ರಬಂಧದಲ್ಲಿ ಮುಚ್ಚಿಡಬಾರದು. ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಮೊದಲು ಕೇಳುವುದು ಅದನ್ನೇ.

ಮಾದರಿ ಸಂಗ್ರಹಿಸುವಾಗ ನಿಜವಾಗಿಯೂ ತೊಂದರೆಯಿರುವ ಮಗು ಕಂಡರೆ ಪ್ರಬಂಧ ಮುಗಿಯುವವರೆಗೆ ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳ ವ್ಯವಸ್ಥೆಯಿದೆ. ಮಗುವಿನ ಹೆಸರು, ನೀವು ಕಂಡ ತೊಂದರೆ, ಶ್ರವಣ ಪರೀಕ್ಷೆಯ ಫಲಿತಾಂಶವನ್ನು ಬರೆದ ಚೀಟಿಯನ್ನು ಅಂದೇ ಪಾಲಕರ ಕೈಗೆ ಕೊಟ್ಟು, ಅಲ್ಲಿಗೆ ಹೋಗುವ ದಾರಿಯನ್ನೂ ಹೇಳಿ ಕಳುಹಿಸಿ.