ಬೂದು ಕಲ್ಲು, ಬಕೆಟ್ ನೀರು

ಭೂವಿಜ್ಞಾನದಲ್ಲಿ ಎಂಎಸ್ಸಿ ಓದುವಾಗ ಫೀಲ್ಡ್ ಕೆಲಸಕ್ಕೆ ಆಂಧ್ರದ ಕಡಪ ಜಿಲ್ಲೆಗೆ ಹೋಗಿದ್ದೆ. ಪುಲಿವೆಂದುಲ ಕಡೆ ವೇಂಪಲ್ಲೆ ಡಾಲೊಮೈಟ್ ಎಂಬ, ಸುಣ್ಣಕಲ್ಲಿನಂಥ ಕಲ್ಲಿನ ಬಿರುಕುಗಳಲ್ಲಿ ಬಿಳಿ ಪಟ್ಟೆಗಳಿದ್ದವು. ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ) ಅಂತ ನೋಟ್‌ಬುಕ್ಕಿನಲ್ಲಿ ಬರೆದೇ ಬಿಟ್ಟೆ. ಒಂದು ತುಂಡು ಒಡೆದು ಚೀಲಕ್ಕೆ ಹಾಕಿದಾಗ ಭುಜ ಜಗ್ಗಿತು. ಆಮ್ಲ ಹನಿಸಿದೆ, ನೊರೆ ಬರಲಿಲ್ಲ, ಅಂದರೆ ಕ್ಯಾಲ್ಸೈಟ್ ಅಲ್ಲ. ಚಾಕುವಿನಿಂದ ಗೀರಿದೆ, ಗೆರೆ ಬಿತ್ತು. ಹಾಗಾದರೆ ಚಾಕುವಿಗೆ ಬಗ್ಗದ ಕ್ವಾರ್ಟ್ಜ್ (ಬೆಣಚುಕಲ್ಲು) ಕೂಡ ಅಲ್ಲ. ಬೆರೈಟ್, ಅಂದರೆ ಬೇರಿಯಂ ಸಲ್ಫೇಟಿನ ಭಾರವಾದ ಖನಿಜ!

ಮರುದಿನ ಮಂಗಂಪೇಟೆಯ ಬೆರೈಟ್ ಗಣಿ. ಅಲ್ಲಿ ಬಿಳಿ ಪಟ್ಟೆಗಾಗಿ ಹುಡುಕುತ್ತಾ ನಿಂತಿದ್ದೆ. ಕಾಲ ಕೆಳಗಿನ ಬೂದು ಕಲ್ಲೇ ಬೆರೈಟ್ ಅಂತ ನಂಬಲು ಆಗಲಿಲ್ಲ. ರಾತ್ರಿ ಲಾಡ್ಜಿನ ಬಕೆಟ್ಟು, ಒಂದು ಸ್ಪ್ರಿಂಗ್ ತಕ್ಕಡಿ ಹಿಡಿದು ಕೂತೆ. ಆ ಬೂದು ಕಲ್ಲಿನ ತುಂಡನ್ನು ಹಾಗೇ ತೂಗಿದರೆ 860 ಗ್ರಾಂ, ನೀರಲ್ಲಿ ಮುಳುಗಿಸಿ ತೂಗಿದರೆ 660. ಕಮ್ಮಿಯಾದದ್ದು 200. 860ನ್ನು 200ರಿಂದ ಭಾಗಿಸಿದರೆ 4.3, ಅಂದರೆ ನೀರಿಗಿಂತ 4.3 ಪಟ್ಟು ಭಾರ. ಶುದ್ಧ ಬೆರೈಟ್ 4.5, ಕ್ವಾರ್ಟ್ಜ್ ಬರೀ 2.65. ಅನುಮಾನ ಹೋಯ್ತು. ಈ ತೂಕಕ್ಕಾಗಿಯೇ ಅಲ್ವಾ ಇದನ್ನು ಪುಡಿ ಮಾಡಿ ಎಣ್ಣೆಬಾವಿ ಕೊರೆಯುವ ಕೆಸರಿಗೆ ಬೆರೆಸುವುದು!

ಇಷ್ಟೊಂದು ಬೇರಿಯಂ ಒಂದೇ ಕಡೆ ಹೇಗೆ ಸೇರಿತು? ಕಾಲೇಜಿನ ಲ್ಯಾಬಿನಲ್ಲಿ ಬೇರಿಯಂ ಕ್ಲೋರೈಡ್ ನೀರಿಗೆ ಎಪ್ಸಮ್ ಉಪ್ಪಿನ (ಮೆಗ್ನೀಸಿಯಂ ಸಲ್ಫೇಟ್) ನೀರು ಬೆರೆಸಿದಾಗ ನನಗೆ ಅರ್ಥವಾಯಿತು. ಎರಡೂ ತಿಳಿ ನೀರು. ಸೇರಿದ ಕ್ಷಣವೇ ಹಾಲಿನಂತೆ ಬೆಳ್ಳಗಾಯಿತು. (ಬೇರಿಯಂ ಕ್ಲೋರೈಡ್ ವಿಷ, ಮನೆಯಲ್ಲಿ ಮಾಡಬೇಡಿ.) ಆ ಬಿಳಿ ಪುಡಿಯೇ ಬೇರಿಯಂ ಸಲ್ಫೇಟ್. ಅದು ಒಂದು ಲೀಟರ್ ನೀರಲ್ಲಿ ಎರಡು-ಮೂರು ಮಿಲಿಗ್ರಾಂ ಮಾತ್ರ ಕರಗುತ್ತದೆ. ಹಾಗಾಗಿ ಬೇರಿಯಂ, ಸಲ್ಫೇಟ್ ಎರಡೂ ಒಂದೇ ನೀರಲ್ಲಿ ದೂರ ಸಾಗಲಾರವು. ಸಲ್ಫೇಟ್ ಇಲ್ಲದ ಬಿಸಿ ಉಪ್ಪುನೀರು ಆಳದ ಕಲ್ಲುಗಳಲ್ಲಿರುವ ಫೆಲ್ಡ್‌ಸ್ಪಾರ್, ಅಭ್ರಕಗಳಿಂದ ಬೇರಿಯಂ ಕರಗಿಸಿಕೊಂಡು ಬಿರುಕುಗಳ ಮೂಲಕ ಮೇಲೇರುತ್ತದೆ. ಸಲ್ಫೇಟ್ ಇರುವ ನೀರು ಎದುರಾದ ಕಡೆ ಬೆರೈಟ್ ಕೂರುತ್ತದೆ. ಬಿರುಕಿನಲ್ಲೇ ಎದುರಾದರೆ ಪಟ್ಟೆ. ಸಮುದ್ರದ ತಳದಲ್ಲಿ ಎದುರಾದರೆ ಪದರ.

ಮಂಗಂಪೇಟೆಯದ್ದು ಜ್ವಾಲಾಮುಖಿಯಿಂದ ಉದುರಿದ ಬೆರೈಟ್ ಅನ್ನುವವರೂ ಇದ್ದಾರೆ, ಸಮುದ್ರತಳದ ಬಿಸಿನೀರು ಅನ್ನುವವರೂ ಇದ್ದಾರೆ. ಕೆಳಗಿನ ಪದರದಲ್ಲಿ ಹೂವಿನಂತೆ ಅರಳಿದ ಹರಳುಗುಚ್ಛ ನೋಡಿದ ಮೇಲೆ, ಅದು ಅಲ್ಲೇ ಬೆಳೆದಂತೆ ಕಂಡಿದ್ದರಿಂದ, ನಾನು ಎರಡನೆಯವರ ಕಡೆಗೇ ವಾಲಿದೆ.

ಈಗ ಎಲ್ಲಿ ಹೋದರೂ ಮೊದಲು ಸುತ್ತಲಿನ ಕಲ್ಲಿನ ಪದರ ನೋಡುತ್ತೇನೆ. ಬೆರೈಟ್ ಅದನ್ನು ಕತ್ತರಿಸಿಕೊಂಡು ಹೋಗಿದ್ದರೆ ಕಲ್ಲು ಗಟ್ಟಿಯಾದ ಮೇಲೆ ಬಂದದ್ದು. ಪದರದ ಜೊತೆಗೇ ಮಲಗಿದ್ದರೆ ಕಲ್ಲಿನ ಜೊತೆಗೇ ಹುಟ್ಟಿದ್ದು ಅನ್ನಿಸುತ್ತದೆ, ಆದರೆ ಅಲ್ಲೇ ತಲೆನೋವು. ಸುಣ್ಣಕಲ್ಲು ಕರಗಿದ ಜಾಗದಲ್ಲಿ ಆಮೇಲೆ ಬಂದು ಕೂತ ಬೆರೈಟ್ ಕೂಡ ಹಾಗೇ ಕಾಣುತ್ತದೆ. ಅಂಥ ಕಡೆ ಕಲ್ಲನ್ನು ತೆಳ್ಳಗೆ ಕೊಯ್ಸಿ ಮೈಕ್ರೋಸ್ಕೋಪಿನಲ್ಲಿ ನೋಡುವ ತನಕ ನಾನು ಬಾಯಿ ಬಿಡುವುದಿಲ್ಲ.